ವಿಮಾನ ದೂರ ಲೆಕ್ಕ ಹಾಕುವ ಜಾಲತಾಣಗಳು: ದೂರ ಖಚಿತ, ಸಮಯ ಅಂದಾಜು

ಎರಡು ವಿಮಾನ ನಿಲ್ದಾಣಗಳ ಹೆಸರನ್ನೋ ಮೂರಕ್ಷರದ ಸಂಕೇತವನ್ನೋ ಕೊಟ್ಟರೆ ಅವುಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕ್ಷಣದಲ್ಲಿ ತಿಳಿಸುವ ಉಚಿತ ಜಾಲತಾಣಗಳು ಹಲವಿವೆ. ನೋಟಕ್ಕೆ ಬೇರೆಬೇರೆಯಾದರೂ ಹೆಚ್ಚಿನವುಗಳ ಲೆಕ್ಕಾಚಾರ ಒಂದೇ ಬಗೆಯದು. ಸಣ್ಣ ಪ್ರಾದೇಶಿಕ ನಿಲ್ದಾಣಗಳ ನಡುವೆ ಓಡಾಡುವವರಿಗೆ ಇವು ಎಷ್ಟರಮಟ್ಟಿಗೆ ಉಪಯುಕ್ತ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ದೂರದ ಮಟ್ಟಿಗೆ ಇವನ್ನು ನಿಶ್ಚಿಂತೆಯಿಂದ ನಂಬಬಹುದು. ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ತೆಗೆದುಕೊಂಡು, ಭೂಮಿಯ ಸರಾಸರಿ ತ್ರಿಜ್ಯವನ್ನು 6371 ಕಿಲೋಮೀಟರ್ ಎಂದು ಹಿಡಿದು, ಮಹಾವೃತ್ತದ (ಭೂಗೋಳವನ್ನು ಎರಡು ಸಮಭಾಗ ಮಾಡುವ ವೃತ್ತದ) ಮೇಲಿನ ಅತಿ ಹತ್ತಿರದ ಹಾದಿಯನ್ನು ಇವು ಅಳೆಯುತ್ತವೆ. ಧ್ರುವಗಳ ಬಳಿ ಚಪ್ಪಟೆಯಾಗಿರುವ ಭೂಮಿಯನ್ನು ಪೂರ್ಣ ಗೋಳವೆಂದು ಭಾವಿಸುವುದರಿಂದ ಬರುವ ವ್ಯತ್ಯಾಸ ಸುಮಾರು ಶೇಕಡಾ 0.5ರಷ್ಟನ್ನು ಮೀರದು. 400 ಕಿಲೋಮೀಟರಿಗೆ ಅದು ಹೆಚ್ಚೆಂದರೆ 2 ಕಿಲೋಮೀಟರ್. ತಾಣ ಕೊಟ್ಟ ದೂರ ನಾಟಿಕಲ್ ಮೈಲಿನಲ್ಲಿದ್ದರೆ ಕಿಲೋಮೀಟರಿಗಾಗಿ 1.852ರಿಂದ ಗುಣಿಸಿಕೊಳ್ಳಬೇಕು.

ತೊಡಕಿರುವುದು ಸಮಯದಲ್ಲಿ. ದೊಡ್ಡ ಜೆಟ್ ವಿಮಾನದ ವೇಗವನ್ನೇ, ಅಂದರೆ ಗಂಟೆಗೆ 800 ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನೇ, ಎಲ್ಲ ಮಾರ್ಗಗಳಿಗೂ ಅನ್ವಯಿಸುವ ತಾಣಗಳು ಸಾಮಾನ್ಯ. ಆ ಲೆಕ್ಕದಲ್ಲಿ 300 ಕಿಲೋಮೀಟರ್ ದೂರಕ್ಕೆ ಗಂಟೆಗೆ 850ರಂತೆ 21 ನಿಮಿಷ ಸಾಕು. ಆದರೆ ಇಂಥ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವ ಎಟಿಆರ್ 72ರಂತಹ ಟರ್ಬೊಪ್ರಾಪ್ (ಎಂಜಿನ್ ತಿರುಗಿಸುವ ಪಂಕದಿಂದ ಹಾರುವ) ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್ ಆದ್ದರಿಂದ, ಅದೇ ದೂರಕ್ಕೆ 36 ನಿಮಿಷ ಬೇಕು. ಅದೂ ಇಡೀ ದೂರವನ್ನು ಪೂರ್ಣ ವೇಗದಲ್ಲಿ, ನೇರ ಗೆರೆಯಲ್ಲಿ ಹಾರಿದರೆ ಮಾತ್ರ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಗಾಳಿಗೆ ಎದುರಾಗಿ ಇಳಿಯಲು ನಿಲ್ದಾಣವನ್ನು ಸುತ್ತಿ ಬರುವುದು, ಇವೆಲ್ಲಕ್ಕೂ ಹೊತ್ತು ಹಿಡಿಯುತ್ತದೆ. ದೂರ ಕಡಿಮೆಯೆಂದು ಈ ಹೊತ್ತು ಕಡಿಮೆಯಾಗದು. ಹತ್ತು ಗಂಟೆಯ ಹಾರಾಟದಲ್ಲಿ ಗಮನಕ್ಕೂ ಬಾರದ ಈ ಇಪ್ಪತ್ತು ಮೂವತ್ತು ನಿಮಿಷಗಳು ಪ್ರಾದೇಶಿಕ ಹಾರಾಟದಲ್ಲಿ ಒಟ್ಟು ಅವಧಿಯ ಅರ್ಧದಷ್ಟಾಗಬಲ್ಲವು. ಕೆಲವು ತಾಣಗಳು ಇದಕ್ಕೆಂದೇ ಅರ್ಧ ಗಂಟೆ ಸೇರಿಸುತ್ತವೆ. ಮೆಚ್ಚಬೇಕಾದ ಕ್ರಮವಿದು, ಆದರೂ ವೇಗದ ತಪ್ಪು ಹಾಗೆಯೇ ಉಳಿಯುತ್ತದೆ.

ಗಾಳಿಯ ಲೆಕ್ಕವೂ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಅವಧಿ ಕಾಣಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಮೇಲಿನ ಟರ್ಬೊಪ್ರಾಪ್‌ಗೆ ಸುಮಾರು 41 ನಿಮಿಷ, ಬೆನ್ನಿಗಿದ್ದರೆ 32 ನಿಮಿಷ. ಜೆಟ್‌ಗೆ ಈ ಅಂತರ ಮೂರು ನಿಮಿಷವಷ್ಟೇ. ನಿಧಾನದ ವಿಮಾನಕ್ಕೇ ಗಾಳಿಯ ಪೆಟ್ಟು ಹೆಚ್ಚು ಎಂಬ ಸರಳ ಸಂಗತಿ ಈ ತಾಣಗಳ ಸೂತ್ರದಲ್ಲಿ ಕಾಣೆಯಾಗಿದೆ.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ತೋರುವ ಕೊರತೆ ಬೇರೆ. ಎರಡು ಸಣ್ಣ ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲದಿದ್ದರೂ ನಕ್ಷೆಯ ಮೇಲೆ ಗೆರೆ ಎಳೆದು ನಿಮಿಷಗಳನ್ನು ಬರೆಯುವ ತಾಣಗಳಿವೆ. ದೊಡ್ಡ ನಿಲ್ದಾಣವೊಂದರಲ್ಲಿ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕಾದ ಪ್ರಯಾಣಿಕನಿಗೆ ಅರ್ಧ ದಿನವೇ ಬೇಕಾಗಬಹುದು. "ಈ ಮಾರ್ಗದಲ್ಲಿ ನೇರ ಸೇವೆ ಇದೆಯೇ ಎಂದು ಪರಿಶೀಲಿಸಿಲ್ಲ" ಎಂಬ ಒಂದು ಸಾಲನ್ನಾದರೂ ಫಲಿತಾಂಶದ ಪಕ್ಕದಲ್ಲೇ ಕಾಣಿಸುವುದು ಇವುಗಳ ಕರ್ತವ್ಯ. ವಿಮಾನದ ಬಗೆಯನ್ನು ಆರಿಸಿಕೊಳ್ಳುವ ಅವಕಾಶವನ್ನೂ ಕೊಟ್ಟರೆ ಉಪಯುಕ್ತತೆ ಬಹಳ ಹೆಚ್ಚುತ್ತದೆ.

ಇಂಧನದ ಅಥವಾ ಇಂಗಾಲದ ಅಂದಾಜಿಗಾಗಿ ದೂರ ಬೇಕಾದವರಿಗೆ ಈ ತಾಣಗಳನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಪ್ರಯಾಣದ ಯೋಜನೆಗೆ ಮಾತ್ರ ವಿಮಾನ ಸಂಸ್ಥೆಯ ವೇಳಾಪಟ್ಟಿಯನ್ನೇ ನೋಡಬೇಕು. ಅಲ್ಲಿರುವುದು ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಮತ್ತೆ ನಿಲ್ಲುವವರೆಗಿನ ಪೂರ್ಣ ಅವಧಿ. ಹೊರಡುವ, ತಲುಪುವ ಸಮಯಗಳನ್ನು ಆಯಾ ಊರಿನ ಗಡಿಯಾರದಂತೆ ಕೊಟ್ಟಿರುವುದರಿಂದ, ಎರಡೂ ಊರುಗಳ ಗಡಿಯಾರ ಬೇರೆಯಾಗಿದ್ದರೆ ಆ ವ್ಯತ್ಯಾಸವನ್ನು ಕಳೆದು ಅಥವಾ ಕೂಡಿ ಓದಿಕೊಳ್ಳಬೇಕು.