ಅರ್ಧ ರೇಟಿನ ಇಂಪೋರ್ಟೆಡ್ ಟೈರ್ ಹಾಕಿಸುವ ಮುಂಚೆ ಇದನ್ನು ಓದಿ

ಅರ್ಧ ರೇಟಿಗೆ ಇಂಪೋರ್ಟೆಡ್ ಟೈರ್ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಚೌಕಾಸಿ ಮಾಡಬೇಡಿ, ಅವರು ತರಿಸಿಕೊಡುವ ಟೀ ಕುಡಿಯಬೇಡಿ, ಕಾರನ್ನು ಜಾಕ್ ಮೇಲೆ ಏರಿಸಲು ಬಿಡಲೇಬೇಡಿ. ಹಳೇ ಟೈರ್ ಬಿಚ್ಚಿದ ಮೇಲೆ ನೀವು ಅವರ ಕೈಗೆ ಸಿಕ್ಕಿದ ಹಾಗೆ. ಇದನ್ನೆಲ್ಲ ಬರೆಯಲು ನನಗೆ ನಾಚಿಕೆ ಆಗುತ್ತದೆ. ಅಮ್ಮನಿಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ. ಆದರೆ ಆ ಅಂಗಡಿ ಇವತ್ತೂ ತೆರೆದಿದೆ. ಇವತ್ತೂ ಯಾರದೋ ಕಾರು ಅಲ್ಲಿ ನಿಂತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಬೆಂಗಳೂರಿನಲ್ಲಿ, ಊರು ಪುತ್ತೂರಿನ ಕಡೆ. ಶಿರಾಡಿ ಘಾಟಿ ಇಳಿಯದೆ ನಮ್ಮ ಮಳೆಗಾಲ ಮುಗಿಯುವುದಿಲ್ಲ. ಕಾರಿನ ಜೊತೆ ಬಂದಿದ್ದ ಟೈರ್ ಸವೆದು, ಗೆರೆಗಳ ನಡುವೆ ಇರುವ ಸಣ್ಣ ಉಬ್ಬಿನ ಮಟ್ಟಕ್ಕೆ ಬಂದಿತ್ತು. ಆ ಉಬ್ಬು 1.6 ಮಿಲಿಮೀಟರ್. ಅಲ್ಲಿಗೆ ಬಂತು ಅಂದರೆ ಟೈರ್ ಮುಗಿಯಿತು ಅಂತಲೇ ಅರ್ಥ. ಮಳೆಗೆ ಮುಂಚೆ ನಾಲ್ಕನ್ನೂ ಬದಲಾಯಿಸಲೇಬೇಕಿತ್ತು. ಹೆಸರಿರುವ ಕಂಪನಿಯ ಟೈರ್ ನನ್ನ ಅಳತೆಗೆ, ಅಂದರೆ 185/65 ಆರ್ 15ಕ್ಕೆ, ಒಂದಕ್ಕೆ ಐದೂವರೆ ಸಾವಿರದ ಆಸುಪಾಸು ಹೇಳುತ್ತಿದ್ದರು. ಆಫೀಸಿನಲ್ಲಿ ಒಬ್ಬರು ಈ ಅಂಗಡಿ ತೋರಿಸಿದರು. ಅಲ್ಲಿ ಒಂದಕ್ಕೆ 3,200. ಫಿಟ್ಟಿಂಗ್ ಫ್ರೀ, ಬ್ಯಾಲೆನ್ಸಿಂಗ್ ಫ್ರೀ, ಅಲೈನ್‌ಮೆಂಟ್ ಫ್ರೀ, ನೈಟ್ರೋಜನ್ ಗಾಳಿಯೂ ಫ್ರೀ.

"ಕಂಟೇನರ್ ಹೋದ ವಾರ ತಾನೇ ಚೆನ್ನೈಗೆ ಬಂತು ಸಾರ್. ದೊಡ್ಡ ದೊಡ್ಡ ಬ್ರ್ಯಾಂಡ್‌ದೂ ಅದೇ ಫ್ಯಾಕ್ಟರಿಲೇ ಆಗೋದು. ಹೆಸರು ಮಾತ್ರ ಬೇರೆ" ಅಂದ ಅಂಗಡಿಯವನು.

ನಾನು ಏನೂ ಕೇಳದೆ ದುಡ್ಡು ಕೊಟ್ಟು ಬಂದವನಲ್ಲ. ಎಲ್ಲ ಕೇಳಿದ್ದೆ. ಐಎಸ್‌ಐ ಮಾರ್ಕ್ ಎಲ್ಲಿ ಅಂತ ಕೇಳಿದೆ. "ಅದು ನಮ್ಮ ದೇಶದ ಟೈರ್‌ಗೆ ಸಾರ್, ಇಂಪೋರ್ಟೆಡ್‌ಗೆ ಬರಲ್ಲ" ಅಂದ. ಯಾವ ವರ್ಷದ ಟೈರ್ ಅಂತ ಕೇಳಿದೆ. "ಈ ವರ್ಷದ್ದೇ ಸಾರ್, ಫ್ರೆಶ್ ಸ್ಟಾಕ್" ಅಂದ. ಡೇಟ್ ತೋರಿಸಿ ಅಂದೆ. ಅಷ್ಟರಲ್ಲಿ ಎರಡು ಟೈರ್ ಆಗಲೇ ಡಿಸ್ಕಿಗೆ, ಅಂದರೆ ಚಕ್ರದ ರಿಮ್‌ಗೆ, ಕೂತಿದ್ದವು. "ಫಿಟ್ ಆಗ್ಲಿ ಸಾರ್, ಆಮೇಲೆ ತೋರಿಸ್ತೀನಿ. ಮೊದ್ಲು ಈ ಮುಳ್ಳು ನೋಡಿ. ಮುಟ್ಟಿ ನೋಡಿ ಸಾರ್, ಮುಟ್ಟಿ. ಹಳೇ ಟೈರಲ್ಲಿ ಇದು ಇರುತ್ತಾ?" ಅಂತ ನನ್ನ ಕೈ ಹಿಡಿದು ಟೈರ್ ಮೇಲೆ ಇಟ್ಟ. ಹೊಸ ಟೈರ್ ಮೇಲೆ ಕೂದಲಿನಂತೆ ಎದ್ದಿರುತ್ತದಲ್ಲ ರಬ್ಬರ್ ಮುಳ್ಳು, ಅದು.

ಆ ಮುಳ್ಳು ಟೈರ್ ರಸ್ತೆಗೆ ಇಳಿದಿಲ್ಲ ಅನ್ನುವುದಕ್ಕೆ ಮಾತ್ರ ಸಾಕ್ಷಿ. ಗೋದಾಮಿನಲ್ಲಿ ಏಳು ವರ್ಷ ಬಿದ್ದಿದ್ದರೂ ಮುಳ್ಳು ಹಾಗೇ ಇರುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೈ ಹಿಡಿದು ಮುಟ್ಟಿಸಿದ್ದು ಅದಕ್ಕೇ.

ಬ್ಯಾಲೆನ್ಸಿಂಗ್, ಅಂದರೆ ಚಕ್ರ ಅದುರದೆ ಸಮವಾಗಿ ತಿರುಗುವ ಹಾಗೆ ತೂಕ ಸರಿಮಾಡುವ ಕೆಲಸ, ಮಾಡುತ್ತಿದ್ದ ಹುಡುಗ ಒಂದು ಚಕ್ರಕ್ಕೆ ಸೀಸದ ತುಂಡು ಅಂಟಿಸಿದ, ತಿರುಗಿಸಿದ, ಮತ್ತೆ ಅಂಟಿಸಿದ, ಮತ್ತೆ ತಿರುಗಿಸಿದ. ಮುಗಿಯುತ್ತಲೇ ಇಲ್ಲ. ಹೊಸ ಟೈರಿಗೆ ಅಷ್ಟು ತೂಕ ಯಾಕೆ ಬೇಕು ಅಂತ ಕೇಳಿದರೆ ಹುಡುಗ ನನ್ನನ್ನು ನೋಡಲಿಲ್ಲ, ಮಾಲೀಕನನ್ನು ನೋಡಿದ. ಮಾಲೀಕ, "ನಿಮ್ಮ ರಿಮ್ ಸ್ವಲ್ಪ ಬೆಂಡ್ ಇದೆ ಸಾರ್" ಅಂದ. ನನ್ನ ರಿಮ್‌ಗೆ ಏನೂ ಆಗಿರಲಿಲ್ಲ. ಆಮೇಲೆ ಬೇರೆ ಕಡೆ ಪರೀಕ್ಷೆ ಮಾಡಿಸಿದ್ದೇನೆ.

ದುಡ್ಡು ಕೊಡುವಾಗ ಜಿಎಸ್‌ಟಿ ಬಿಲ್ ಕೇಳಿದೆ. "ಬಿಲ್ ಅಂದ್ರೆ 28 ಪರ್ಸೆಂಟ್ ಮೇಲೆ ಬೀಳುತ್ತೆ, ಸುಮ್ನೆ ಯಾಕೆ ಸಾರ್" ಅಂದ. ಬೇಕೇ ಬೇಕು ಅಂದಾಗ ಕಂಪ್ಯೂಟರ್ ಕೆಟ್ಟಿತು. ಸಂಜೆ ವಾಟ್ಸ್ಆ್ಯಪ್ ಮಾಡುತ್ತೇನೆ ಅಂತ ಒಂದು ಚೀಟಿ ಬರೆದುಕೊಟ್ಟ. ಗೋಡೆ ಮೇಲಿದ್ದ ಕ್ಯೂಆರ್ ಕೋಡ್ ಬಿಟ್ಟು, ಜೇಬಿನಿಂದ ಮೊಬೈಲ್ ತೆಗೆದು, "ಇದಕ್ಕೆ ಹಾಕಿ ಸಾರ್" ಅಂದ. ದುಡ್ಡು ಹೋಗಿದ್ದು ಅಂಗಡಿಯ ಹೆಸರಿಗಲ್ಲ, ಯಾವುದೋ ಒಬ್ಬ ಮನುಷ್ಯನ ಹೆಸರಿಗೆ. ಚೀಟಿಯ ತಲೆಯ ಮೇಲೆ 'ಎಸ್ಟಿಮೇಟ್' ಅಂತ ಅಚ್ಚಾಗಿದೆ. ಜಿಎಸ್‌ಟಿ ನಂಬರ್ ಇಲ್ಲ. ಸಂಜೆ ಬರಬೇಕಿದ್ದ ಬಿಲ್ ಇವತ್ತಿನವರೆಗೂ ಬಂದಿಲ್ಲ.

ಬೆಂಗಳೂರಿನ ಒಣ ರಸ್ತೆಯಲ್ಲಿ ಕಾರು ಸ್ವಲ್ಪ ಸದ್ದು ಮಾಡುತ್ತಿತ್ತು, ಅಷ್ಟೇ. ಇಂಥ ಟೈರ್‌ಗಳು ಒಣ ರಸ್ತೆಯಲ್ಲಿ ಸಿಕ್ಕಿಬೀಳುವುದಿಲ್ಲ. ಇದನ್ನು ನೆನಪಿಡಿ. "ನಾನೂ ಅದೇ ಹಾಕ್ಸಿದೀನಿ, ಏನೂ ಆಗಿಲ್ಲ" ಅನ್ನುವವರೆಲ್ಲ ಒಣ ರಸ್ತೆಯಲ್ಲಿ ಓಡಿಸಿದವರು.

ಜುಲೈನಲ್ಲಿ ಊರಿಗೆ ಹೊರಟೆವು. ಹೆಂಡತಿ, ಮಗಳು, ಅಮ್ಮ. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಇಳಿಯುವಾಗ ಮಳೆ ಜೋರಾಯಿತು. ವೇಗ ನಲವತ್ತೂ ಇರಲಿಲ್ಲ. ಮುಂದೆ ಗ್ಯಾಸ್ ಟ್ಯಾಂಕರ್. ಅದು ಬ್ರೇಕ್ ಹಾಕಿತು, ನಾನೂ ಹಾಕಿದೆ. ಪೆಡಲ್ ಗಡಗಡ ಅಂತ ಕಾಲಿಗೆ ಒದೆಯುತ್ತಿದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ, ಕಾರು ಮಾತ್ರ ನಿಲ್ಲುತ್ತಿಲ್ಲ. ಜಾರಿಕೊಂಡೇ ಹೋಗುತ್ತಿದೆ. ಎಡಕ್ಕೆ ಎಳೆದು ಚರಂಡಿಯ ಅಂಚಿಗೆ ತಂದಾಗ ನಿಂತಿತು. ಟ್ಯಾಂಕರಿನ ಹಿಂದಿನ ಬಂಪರ್ ನನ್ನ ಬಲಗಡೆ ಕಿಟಕಿಯ ಪಕ್ಕದಲ್ಲಿತ್ತು. ಇದರ ಬಗ್ಗೆ ಇನ್ನೂ ಬರೆಯಲು ನನ್ನಿಂದ ಆಗುವುದಿಲ್ಲ.

ಬ್ರೇಕ್ ಕೆಟ್ಟಿದೆ ಅಂದುಕೊಂಡೇ ಪುತ್ತೂರಿನಲ್ಲಿ ತೋರಿಸಿದೆ. ಮೆಕ್ಯಾನಿಕ್ ನೋಡಿ ಬ್ರೇಕ್ ಸರಿ ಇದೆ ಅಂದರು. ಆಮೇಲೆ ಟೈರನ್ನು ಉಗುರಿನಿಂದ ಒತ್ತಿ ನೋಡಿದರು.

"ಇದು ಯಾವಾಗ ಹಾಕಿಸಿದ್ದು ಮಾರಾಯ್ರೆ?"

"ಮೊನ್ನೆ ಮೇನಲ್ಲಿ. ಹೊಸದು."

"ಹೊಸದಾ? ಇದು ಕಲ್ಲಾಗಿ ಹೋಗಿದೆಯಲ್ಲ."

ಚಕ್ರ ಬಿಚ್ಚಿ ತಿರುಗಿಸಿದರು. ಒಳಬದಿಯ ಕೆಸರನ್ನು ಬಟ್ಟೆಯಿಂದ ಒರೆಸಿದರು. ಅಲ್ಲಿ ಡಿಒಟಿ ಕೋಡಿನ, ಅಂದರೆ ಡಿಒಟಿ ಅಂತ ಶುರುವಾಗುವ ಅಕ್ಷರ-ಅಂಕಿಗಳ ಸಾಲಿನ, ಕೊನೆಯಲ್ಲಿ, ಮೊಟ್ಟೆಯಾಕಾರದ ಒಂದು ಗೆರೆಯೊಳಗೆ ನಾಲ್ಕು ಅಂಕಿ. 3118.

ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2018ನೇ ಇಸವಿಯ 31ನೇ ವಾರ. 2025ರಲ್ಲಿ 'ಫ್ರೆಶ್ ಸ್ಟಾಕ್' ಅಂತ ನನಗೆ ಮಾರಿದ್ದು ಏಳು ವರ್ಷದ ಹಿಂದಿನ ಟೈರ್. ಉಳಿದ ಮೂರನ್ನೂ ಬಿಚ್ಚಿಸಿದೆ. ಎರಡು 3118, ಒಂದು 4717. ನಾಲ್ಕೂ ಒಂದೇ ವರ್ಷದ್ದೂ ಅಲ್ಲ. ಮತ್ತು ನಾಲ್ಕಕ್ಕೆ ನಾಲ್ಕರಲ್ಲೂ ದಿನಾಂಕ ಒಳಗಡೆ.

ಇಲ್ಲೇ ನನ್ನ ರಕ್ತ ಕುದಿಯಿತು. ಎಷ್ಟೋ ಟೈರ್‌ಗಳಲ್ಲಿ ಪೂರ್ತಿ ಕೋಡ್ ಒಂದು ಬದಿಗೆ ಮಾತ್ರ ಇರುತ್ತದೆ. ಇನ್ನೊಂದು ಬದಿಯಲ್ಲಿ ಡಿಒಟಿ ಅಂತ ಇರುತ್ತದೆ, ಅಕ್ಷರಗಳೂ ಇರುತ್ತವೆ, ದಿನಾಂಕ ಇರುವುದಿಲ್ಲ. ನನ್ನ ಟೈರ್‌ಗಳ ವಿನ್ಯಾಸ ಎರಡೂ ಬದಿಗೆ ಒಂದೇ ತರ. ಹೇಗೆ ಕೂರಿಸಿದರೂ ನಡೆಯುತ್ತದೆ. ಯಾವ ಬದಿ ಹೊರಗೆ ಬರಬೇಕು ಅನ್ನುವುದು ಅವನ ಕೈಯಲ್ಲಿತ್ತು. ನಾಲ್ಕು ಸಲ, ನಾಲ್ಕೂ ಸಲ, ಅವನು ದಿನಾಂಕವನ್ನು ಒಳಗೆ ತಿರುಗಿಸಿದ. ನಾನು ಎದುರಿಗೇ ಕುರ್ಚಿಯಲ್ಲಿ ಕೂತು ಅವನು ತರಿಸಿಕೊಟ್ಟ ಟೀ ಕುಡಿಯುತ್ತಿದ್ದೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಳೇ ಸ್ಟಾಕ್ ಅಂತ ಅವನಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳಬೇಡಿ. ಗೊತ್ತಿದ್ದೇ ತಿರುಗಿಸಿದ್ದು.

ಮಳೆಗೆ ಟೈರಿನ ಮೇಲಿನ ಪಾಲಿಶ್ ತೊಳೆದುಹೋಗಿತ್ತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಕಾಣಿಸಿದವು. ರಬ್ಬರ್ ಸುಮ್ಮನೆ ಬಿದ್ದಿದ್ದರೂ ಗಾಳಿಗೆ, ಬಿಸಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ಕಾಂಕ್ರೀಟನ್ನು ಹಿಡಿಯುವುದಿಲ್ಲ. ಟ್ರೆಡ್, ಅಂದರೆ ಟೈರ್ ಮೇಲಿನ ಗೆರೆಗಳು, ಎಷ್ಟು ಆಳ ಇದ್ದರೂ ಅಷ್ಟೇ. ನನ್ನ ಟೈರಿನಲ್ಲಿ ಟ್ರೆಡ್ ಪೂರ್ತಿ ಇತ್ತು, ಮುಳ್ಳು ಕೂಡ ಇತ್ತು!

ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇವೇ ಉತ್ತರ ಸಿಗುತ್ತವೆ.

ಮೊದಲು: "ಅದು ಡೇಟ್ ಅಲ್ಲ ಸಾರ್, ಬ್ಯಾಚ್ ನಂಬರ್."

ಬ್ಯಾಚ್ ನಂಬರ್ ಅಲ್ಲ, ವಾರ ಮತ್ತು ವರ್ಷ ಅಂದೆ. "ಯಾರು ಹೇಳಿದ್ದು? ಆ ಊರಿನ ಪಂಚರ್ ಅಂಗಡಿಯವನಾ?"

ಫೋಟೋ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಮತ್ತೆ ಫೋನ್ ಮಾಡಿದಾಗ ಮಾತೇ ಬದಲಾಗಿತ್ತು. "ಆಯ್ತು, 2018ರದ್ದೇ ಅಂತ ಇಟ್ಕೊಳ್ಳಿ. ಓಡಿಸದೇ ಇಟ್ಟ ಟೈರ್ ಅಲ್ವಾ? ಟೈರ್ ಏನು ಹಾಲಾ, ಒಡೆದು ಹೋಗೋಕೆ?"

ಮಗಳು ಹಿಂದೆ ಕೂತಿದ್ದಳು, ಟ್ಯಾಂಕರ್ ಕೆಳಗೆ ಹೋಗುತ್ತಿದ್ದೆವು ಅಂದೆ. ಅದಕ್ಕೆ ಬಂದ ಉತ್ತರ: "ಘಾಟೀಲಿ ಜೋರಾಗಿ ಓಡ್ಸಿ ನಮ್ಮ ಮೇಲೆ ಹಾಕ್ತೀರಲ್ಲ ರೀ."

ದುಡ್ಡು ವಾಪಸ್ ಕೊಡಿ ಅಂದೆ. "ಬಿಲ್ ಇದೆಯಾ?" ಅಂದ. ಬಿಲ್ ಕೊಡದವನು ಅವನೇ. ಬಿಲ್ ಕೇಳುವವನೂ ಅವನೇ. ಚೀಟಿ ಇದೆ ಅಂದೆ. "ಅದರ ಮೇಲೆ ಏನಿದೆ ಓದಿ. ಎಸ್ಟಿಮೇಟ್. ನಮ್ಮಂಗ್ಡಿ ಟೈರೇ ಅಂತ ಏನು ಗ್ಯಾರಂಟಿ?" ನಾನು ಮಾತಾಡದೆ ನಿಂತೆ. ಕೊನೆಗೆ ದೊಡ್ಡ ಉಪಕಾರ ಮಾಡುವವನಂತೆ, "ನಾಲ್ಕನ್ನೂ ತಂದುಕೊಡಿ, ಒಂದಕ್ಕೆ ಎಂಟ್ನೂರು ಕೊಡ್ತೀನಿ" ಅಂದ. ಏಳು ವರ್ಷದ, ಬಿರುಕು ಬಿಟ್ಟ ಟೈರಿಗೆ ಎಂಟುನೂರು ಯಾಕೆ ಕೊಡುತ್ತಾನೆ? ಒಮ್ಮೆ ಯೋಚನೆ ಮಾಡಿ.

ಅವನು ಹೇಳಿದ 'ಹೋದ ವಾರದ ಕಂಟೇನರ್' ಬಗ್ಗೆಯೂ ಹೇಳಬೇಕು. 2020ರ ಜೂನ್‌ನಲ್ಲೇ ಕೇಂದ್ರ ಸರ್ಕಾರ ಕಾರು, ಬಸ್ಸು, ಲಾರಿ, ಬೈಕುಗಳ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಲ್ಲಿಂದ ಮುಂದೆ ಲೈಸೆನ್ಸ್ ಇಲ್ಲದೆ ತರಿಸುವ ಹಾಗಿಲ್ಲ. ಅದಕ್ಕೂ ಮುಂಚೆ ಅಗ್ಗದ ಚೀನಾ ಟೈರ್ ಬೇಕಾದಷ್ಟು ಬರುತ್ತಿತ್ತು. ಹಾಗಾಗಿ ಹೆಸರೇ ಕೇಳಿರದ ಬ್ರ್ಯಾಂಡಿನ ಟೈರ್ ಅರ್ಧ ರೇಟಿಗೆ, ಬಿಲ್ ಇಲ್ಲದೆ ಸಿಗುತ್ತಿದೆ ಅಂದರೆ, ನನ್ನ ಪ್ರಕಾರ ಅದು ಆಗ ಮಾರಾಟವಾಗದೆ ಉಳಿದ ಮಾಲು, ಇಲ್ಲವೇ ನೇರ ದಾರಿಯಲ್ಲಿ ಬರದ ಮಾಲು. ಐಎಸ್‌ಐ ಬಗ್ಗೆ ಹೇಳಿದ್ದಂತೂ ಶುದ್ಧ ಸುಳ್ಳು. ನಮ್ಮಂಥವರ ಕಾರಿನ ಮಾಮೂಲಿ ಅಳತೆಯ ಟೈರ್ ಇಲ್ಲಿ ಮಾರಬೇಕಾದರೆ ವಿದೇಶಿ ಕಂಪನಿಯೂ ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು, ಟೈರ್ ಮೇಲೆ ಐಎಸ್‌ಐ ಗುರುತು ಇರಬೇಕು. ಕಾರ್ ಟೈರಿನ ಸ್ಟ್ಯಾಂಡರ್ಡ್ ನಂಬರ್ ಐಎಸ್ 15633. ಗುರುತಿನ ಜೊತೆ ಇರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ಕಂಪನಿಯದು ಅಂತ ಗೊತ್ತಾಗುತ್ತದೆ. ನನ್ನ ಟೈರಿನ ಎರಡೂ ಬದಿ ಹುಡುಕಿದೆ. ಆ ಗುರುತೇ ಇಲ್ಲ.

ವಿದೇಶದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಐಎಸ್‌ಐ ಗುರುತು, ಸರಿಯಾದ ಬಿಲ್, ಇಲ್ಲಿ ಡೀಲರ್ ಇರುವ ವಿದೇಶಿ ಕಂಪನಿ ಟೈರ್ ಹಾಕಿಸಿ, ನನ್ನದೇನೂ ತಕರಾರಿಲ್ಲ. ಆದರೆ ಅವು ಅರ್ಧ ರೇಟಿಗೆ ಸಿಗುವುದಿಲ್ಲ. ಅರ್ಧ ರೇಟಿಗೆ ಸಿಗುವುದರ ಹಿಂದೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಕಂಪನಿ ಟೈರ್ ಉಬ್ಬಿದರೆ, ತಯಾರಿಕೆಯ ದೋಷ ಇದ್ದರೆ ಡೀಲರ್ ಹತ್ತಿರ ಹೋಗಿ ಜಗಳವಾದರೂ ಆಡಬಹುದು. ಇಲ್ಲಿ ಯಾರ ಹತ್ತಿರ ಹೋಗುತ್ತೀರಿ? ಆ ಬ್ರ್ಯಾಂಡಿನ ಒಂದೇ ಒಂದು ಡೀಲರ್ ನನಗೆ ಸಿಗಲಿಲ್ಲ. ಉಳಿಸಿದ್ದು ಒಂಬತ್ತು ಸಾವಿರ ಚಿಲ್ಲರೆ. ಪುತ್ತೂರಿನಲ್ಲೇ ಮತ್ತೆ ನಾಲ್ಕು ಟೈರ್ ಕೊಳ್ಳಬೇಕಾಯಿತು. ಅದಕ್ಕೆ ಬಿಲ್ ಕೊಟ್ಟರು, ದಿನಾಂಕವನ್ನು ಕೇಳದೆಯೇ ತೋರಿಸಿ, ಆ ಬದಿ ಹೊರಗೆ ಬರುವ ಹಾಗೆ ಹಾಕಿದರು.

ಟೈರ್ ಡಿಸ್ಕಿಗೆ ಕೂರುವ ಮುಂಚೆ, ನೆಲದ ಮೇಲೆ ಇರುವಾಗಲೇ, ಎರಡೂ ಬದಿ ತಿರುಗಿಸಿ ನಾಲ್ಕು ಅಂಕಿ ಓದಿ. ನಾಲ್ಕು ಟೈರಿನದ್ದೂ ಓದಿ. ಫೋಟೋ ತೆಗೆಯಿರಿ. ತೋರಿಸಲು ಹಿಂದೆಮುಂದೆ ನೋಡಿದರೆ ಹಳೇ ಟೈರಿನಲ್ಲೇ ನಿಧಾನವಾಗಿ ಮನೆಗೆ ಹೋಗಿ. ಜಿಎಸ್‌ಟಿ ಬಿಲ್ ಕೈಗೆ ಬರದೆ ದುಡ್ಡು ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ಉಳಿಯುವುದೂ ಅಷ್ಟು ಕಡಿಮೆಯಾಯಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಈಗ ಒಳ್ಳೆಯ ಎರಡೇ ಹಾಕಿಸಿ, ಹೊಸದನ್ನು ಹಿಂದಿನ ಚಕ್ರಕ್ಕೆ ಹಾಕಿಸಿ, ಉಳಿದ ಎರಡನ್ನು ಬೇಗ ಬದಲಾಯಿಸಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಬರೆಸಿದ್ದೇನೆ. ಅಲ್ಲೂ ಮೊದಲು ಕೇಳಿದ್ದು ಬಿಲ್. ಯುಪಿಐ ದಾಖಲೆ, ಎಸ್ಟಿಮೇಟ್ ಚೀಟಿ, ಅವನಿಗೆ ಕಳಿಸಿದ ಫೋಟೋಗಳು, ಎಲ್ಲ ಇಟ್ಟುಕೊಂಡಿದ್ದೇನೆ. ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ದುಡ್ಡು ಬರಲಿ ಬಿಡಲಿ, ಆ ಟೈರ್‌ಗಳನ್ನು ಮಾತ್ರ ಅವನಿಗೆ ವಾಪಸ್ ಕೊಡಲಿಲ್ಲ. ಕೊಟ್ಟಿದ್ದರೆ ಮತ್ತೆ ಪಾಲಿಶ್ ಬಳಿದು, ಮತ್ತೆ ಒಳಗೆ ತಿರುಗಿಸಿ, ಇನ್ನೊಬ್ಬರ ಕಾರಿಗೆ ಹಾಕುತ್ತಿದ್ದ. ಫೋಟೋ ತೆಗೆದು ಮೂರರ ಪಕ್ಕೆಯನ್ನು ಕೊಯ್ಸಿ ಹಾಕಿದ್ದೇನೆ, ಇನ್ನು ಯಾರೂ ಅವನ್ನು ಬಳಸುವ ಹಾಗಿಲ್ಲ. ಒಂದನ್ನು ಆಯೋಗದಲ್ಲಿ ತೋರಿಸಲು ಹಾಗೇ ಇಟ್ಟಿದ್ದೇನೆ.