ಅಸ್ತಿಗರ್ರಾಗದ ಸೈಡರ್ ಮನೆಗಳು: ಸುಗ್ಗಿಯಲ್ಲೇ ಹೋಗಿ

ಸ್ಪೇನಿನ ಬಾಸ್ಕ್ ಸೀಮೆಯ ಊಟಕ್ಕೆ ಸಾನ್ ಸೆಬಾಸ್ಟಿಯನ್‌ನ ಬಾರುಗಳಷ್ಟೇ ಸಾಲದು; ಪಕ್ಕದ ಅಸ್ತಿಗರ್ರಾಗಕ್ಕೂ ಹೋಗಿ. ಜನವರಿ ನಡುವಿನಿಂದ ಏಪ್ರಿಲ್‌ವರೆಗೆ ಸೈಡರ್, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯದ ಸುಗ್ಗಿ. ವಾರಾಂತ್ಯಕ್ಕೆ ಮೊದಲೇ ಮೇಜು ಕಾದಿರಿಸಿ.

ಪೀಪಾಯಿ ತೆರೆಯುವಾಗಿನ ‘ಚೋಚ್!’ ಎಂಬ ಕೂಗು ಕೇಳಿದೊಡನೆ ಪೀಪಾಯಿಯತ್ತ ಸಾಲು. ಗ್ಲಾಸನ್ನು ಓರೆಯಾಗಿ ಹಿಡಿದು, ಧಾರೆ ಅಂಚಿಗೆ ಬಡಿಯುವಂತೆ ಎರಡು ಬೆರಳೆತ್ತರದಷ್ಟೇ ಸೈಡರ್ ತುಂಬಿಸಿಕೊಳ್ಳಿ, ಆಗಲೇ ಕುಡಿಯಿರಿ. ತುಂಬಿಸಿಟ್ಟರೆ ನೊರೆ ಇಳಿದು ಬರೀ ಹುಳಿ ಉಳಿಯುತ್ತದೆ.

ಮೆನು ಬಹುತೇಕ ಎಲ್ಲೆಡೆ ಒಂದೇ: ಕಾಡ್ ಮೀನಿನ ಆಮ್ಲೆಟ್, ಹಸಿರು ಮೆಣಸಿನಕಾಯಿ ಜೊತೆ ಹುರಿದ ಕಾಡ್, ಕೆಂಡದಲ್ಲಿ ಸುಟ್ಟ ಗೋಮಾಂಸ. ಮಾಂಸದ ಒಳಭಾಗ ಕೆಂಪಾಗಿಯೇ ಇರುತ್ತದೆ. ಬೇಯಬೇಕಿದ್ದರೆ ಮೊದಲೇ ಹೇಳಿ. ಸಸ್ಯಾಹಾರಿಗಳ ಪಾಡು ಕಷ್ಟ: ಕೊನೆಗೆ ಬರುವ ಇಡಿಯಾಸಾಬಲ್ ಚೀಸ್‌ಗೂ ಸಾಮಾನ್ಯವಾಗಿ ಕುರಿಮರಿಯ ರೆನೆಟ್ಟೇ (ಅದರ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ಪದಾರ್ಥ). ಉಳಿಯುವುದು ಕ್ವಿನ್ಸ್ ಹಣ್ಣಿನ ಹಲ್ವ, ಅಕ್ರೋಟು.