ನಾಲ್ಕು ವರ್ಷ ಬಳಸಿದ ಬಿಸಿ-ತಂಪು ಎಸಿ: ಯಂತ್ರ ಒಳ್ಳೆಯದೇ, ಕೂರಿಸಿದ ಜಾಗ ಅಲ್ಲ

ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ ಎರಡನ್ನೂ ಕೊಡುವ ಒಂದೂವರೆ ಟನ್ನಿನ ಇನ್ವರ್ಟರ್ ಎಸಿಯನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಯಂತ್ರದ ಮೇಲೆ ನನಗೆ ದೂರಿಲ್ಲ. ದೂರಿರುವುದು ಅದನ್ನು ಗೋಡೆಗೆ ಏರಿಸಿದ ರೀತಿಯ ಮೇಲೆ. ಅದರಲ್ಲೂ ಅರ್ಧ ತಪ್ಪು ನನ್ನದೇ.

ಮೊದಲು ಬಿಸಿಯ ಮಾತು. ಸಾಮಾನ್ಯ ಕಾಯಿಲ್ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ಈ ಎಸಿ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಒಳಗೆ ಹೊತ್ತು ತರುತ್ತದೆ. ಹಾಗಾಗಿ ಹದವಾದ ಚಳಿಯಲ್ಲಿ ಒಂದಕ್ಕೆ ಸುಮಾರು ಮೂರರಷ್ಟು ಸಿಗುತ್ತದೆ. ಚಳಿ ಏರಿದಂತೆ ಈ ಲಾಭ ಇಳಿಯುತ್ತದೆ. ಮೊದಲ ಚಳಿಗಾಲದ ಒಂದು ಬೆಳಗ್ಗೆ ಬಿಸಿಗಾಳಿ ಥಟ್ಟನೆ ನಿಂತು, ಹೊರಗಿನ ಯೂನಿಟ್ಟಿನಿಂದ ಬಿಳಿ ಹಬೆ ಏಳತೊಡಗಿತು. ಸುಟ್ಟೇ ಹೋಯಿತೆಂದು ಓಡಿ ಸ್ವಿಚ್ ಆರಿಸಿದೆ. ಕೈಪಿಡಿ ತೆರೆದಾಗ ತಿಳಿದದ್ದು: ಕಾಯಿಲಿನ ಮೇಲೆ ಕಟ್ಟಿದ ಹಿಮವನ್ನು ಕರಗಿಸಲು ಅದು ಶಾಖ ಹೊರುವ ಗ್ಯಾಸಿನ ಹರಿವನ್ನು ಕೆಲವು ನಿಮಿಷ ತಿರುಗುಮುರುಗು ಮಾಡಿಕೊಳ್ಳುತ್ತದೆ. ಕೊಳ್ಳುವಾಗ ಇದನ್ನು ಯಾರೂ ಹೇಳಿರಲಿಲ್ಲ.

ತಂಪಿನ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದರೆ ಸಾಕು.

ಪೇಚಾಟ ಶುರುವಾದದ್ದು ಪಕ್ಕದ ಮನೆಯವರು ಬಾಗಿಲು ತಟ್ಟಿದಾಗ. ಹೊರಗಿನ ಯೂನಿಟ್ಟನ್ನು ಅವರ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ, ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂರಿಸಲಾಗಿತ್ತು. “ನಿಮ್ಮ ಯಂತ್ರ ಮಲಗಿದ ಮೇಲೆಯೇ ನಾವು ಮಲಗುವುದು” ಎಂದರು. ನಾನು ಕರಪತ್ರದ ಡೆಸಿಬಲ್ ಅಂಕಿಯನ್ನು ಹಿಡಿದು ವಾದಕ್ಕೆ ನಿಂತೆ. ಎಂಥ ಪೆದ್ದುತನ! ಮೂಲೆಯ ಗೋಡೆಗಳು ಸದ್ದನ್ನು ಮರಳಿಸಿ ಹೆಚ್ಚಿಸುತ್ತವೆ. ಅಲ್ಲದೆ ಸ್ಥಳೀಯ ನಿಯಮಗಳು ಸಾಮಾನ್ಯವಾಗಿ ನೋಡುವುದು ಕರಪತ್ರವನ್ನಲ್ಲ, ನೆರೆಯವರ ಗಡಿ ಅಥವಾ ಕಿಟಕಿಯ ಬಳಿ ಕೇಳುವ ಸದ್ದನ್ನು. ರಾತ್ರಿಯ ಮಿತಿಯಂತೂ ಹಗಲಿಗಿಂತ ಬಿಗಿ. ಗಡಿಯಿಂದ ಎಷ್ಟು ದೂರ, ಮುಂಭಾಗದ ಗೋಡೆಗೆ ಅನುಮತಿ ಬೇಕೇ, ನೀರು ಎಲ್ಲಿಗೆ ಹರಿಯಬೇಕು ಎಂಬುದೆಲ್ಲ ಊರಿಂದ ಊರಿಗೆ ಬೇರೆ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ಇದನ್ನು ಮೊದಲೇ ಕೇಳಿದ್ದರೆ ಅರ್ಧ ದಿನದ ಕೆಲಸವಾಗಿತ್ತು.

ಜಾಗ ಬದಲಿಸಲು ಬಂದ ಎರಡನೆಯ ತಂತ್ರಜ್ಞರು ಮೊದಲು ಸೋಪಿನ ನೀರನ್ನು ತಾಮ್ರದ ಕೊಳವೆಯ ನಟ್ಟಿಗೆ ಹಚ್ಚಿದರು. ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿದವು. ಗ್ಯಾಸ್ ಸೋರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ತಂಪು ಕುಗ್ಗಿ ಕೊಳವೆಗೆ ಮಂಜು ಕಟ್ಟಿದ್ದೇಕೆ ಎಂದು ಆಗ ಅರ್ಥವಾಯಿತು. ಇದರಲ್ಲಿರುವುದು ಆರ್-32 ಅನಿಲ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಹಳೆಯ ಆರ್-410ಎ ಅನಿಲದ್ದು 2,000 ಪಟ್ಟಿಗೂ ಮಿಗಿಲು. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸಲು ದೇಶಗಳ ನಡುವೆ 2016ರ ಕಿಗಾಲಿ ಒಪ್ಪಂದವೇ ಇದೆ. ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಅನಿಲವೂ ಹೌದು. ಅನೇಕ ದೇಶಗಳಲ್ಲಿ ಪ್ರಮಾಣಪತ್ರ ಪಡೆದವರೇ ಇದನ್ನು ಮುಟ್ಟಬೇಕೆಂಬ ಕಾನೂನು ಇರುವುದು ಇಂಥ ಕಾರಣಗಳಿಗೇ. ಇವರು ಗ್ಯಾಸನ್ನು ಗಾಳಿಗೆ ಬಿಡದೆ ಹೊರಗಿನ ಯೂನಿಟ್ಟಿನೊಳಗೇ ಕೂಡಿಟ್ಟರು. ಮರುಜೋಡಣೆಯ ನಂತರ ಕೊಳವೆಯೊಳಗಿನ ಗಾಳಿ, ತೇವವನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆ ಓಡಿಸಿ, ಸೋರಿಕೆಯಿದ್ದು ಮಾಪಕದ ಮುಳ್ಳು ಕದಲುವುದೇ ಎಂದು ಕಾದರು. ಮೊದಲು ಬಂದವರ ಚೀಲದಲ್ಲಿ ಆ ಪಂಪೇ ಇರಲಿಲ್ಲ.

ಈಗ ಯೂನಿಟ್ ಹಿತ್ತಿಲ ಬದಿಯಲ್ಲಿ ರಬ್ಬರ್ ಪಾದಗಳ ಮೇಲೆ ನಿಂತಿದೆ. ಪಕ್ಕದವರು ಮತ್ತೆ ಬಾಗಿಲು ತಟ್ಟಿಲ್ಲ. ಹಳೆಯ ಮೂಲೆಯಲ್ಲಿ ನಾಲ್ಕು ತೂತುಗಳು ಉಳಿದಿವೆ. ಮುಚ್ಚಿಸುವುದು ಇನ್ನೂ ಬಾಕಿ.